ದೇವರ ತಕ್ಕಡಿಗೆ ವಜಾ ಇಲ್ಲ

ಹಾಸನದ ಆಲೂಗೆಡ್ಡೆ ಮಂಡಿಯ ಯಜಮಾನ ಕಾಂತರಾಜು ಹೋದ ವರ್ಷ ಶ್ರಾವಣದ ಒಂದು ಶನಿವಾರ ಘನಘೋರವಾದ ಶಪಥವೊಂದನ್ನು ಮಾಡಿದ. ಸ್ಥಳ, ಕಟ್ಟಾಯದ ಕಡೆ ಅವನ ಹೆಂಡತಿಯ ತವರೂರಿನಲ್ಲಿರುವ ರಂಗನ ಬೆಟ್ಟದ ಬುಡದ ಕಲ್ಲುಮಂಟಪ. ಸಾಕ್ಷಿ, ಹೆಂಡತಿಯ ಕಡೆಯ ಸಮಸ್ತ ಬಂಧುಬಳಗ. ಶಪಥದ ಹೊತ್ತಿನಲ್ಲಿ ಅವನ ಎಡಗೈ ಎದೆಯ ಮೇಲಿತ್ತು. ಬಲಗೈ ಮೂರನೇ ಸಲ ಬಡಿಸಿಕೊಂಡ ಪುಳಿಯೋಗರೆಯಲ್ಲಿತ್ತು!

"ಮುಂದಿನ ಶ್ರಾವಣಕ್ಕೆ ಎಂಬತ್ತು ಕೆಜಿ ಬೆಲ್ಲ ತನ್ನಿ ಸಾಕು. ಅದ್ರ ಮೇಲೆ ಒಂದಚ್ಚು ಜಾಸ್ತಿ ಬೇಕಾಯ್ತು ಅಂದ್ರೆ ನನ್ನ ಹೆಸರು ಕಾಂತರಾಜೇ ಅಲ್ಲ."

ಬೆಲ್ಲದ ಮಾತು ಯಾಕೆ ಬಂತು ಅಂದರೆ, ಅದಕ್ಕೆ ಸ್ವಲ್ಪ ಮುಂಚೆ ಅವನ ಹೆಂಡತಿ ಕಾಮಾಕ್ಷಮ್ಮ ಅವನ ಹೆಸರಿನಲ್ಲಿ ತುಲಾಭಾರದ ಹರಕೆ ಹೊತ್ತಿದ್ದಳು. ರಂಗನ ಬೆಟ್ಟವೇನೂ ಅಂಥ ದೊಡ್ಡದಲ್ಲ. ಮೇಕೆಗಳು ಮೇಯುತ್ತಾ ಮೇಯುತ್ತಾ ತಮಗೇ ಗೊತ್ತಾಗದ ಹಾಗೆ ಮೇಲೆ ಸೇರಿಬಿಡುತ್ತವೆ. ಕಾಂತರಾಜುವಿನ ಅತ್ತೆ ನಂಜಮ್ಮನವರಿಗೆ ಎಂಬತ್ತು ದಾಟಿದೆ. ಅವರು ಪ್ರತಿ ಶನಿವಾರ ಬರಿಗಾಲಲ್ಲಿ ಹತ್ತಿ, ಹಣ್ಣುಕಾಯಿ ಮಾಡಿಸಿ, ಇಳಿದು ಬಂದು, ಆಮೇಲೆ ಸೊಸೆಗೆ ಆ ದಿನದ ಕೆಲಸ ಹೇಳುತ್ತಾರೆ. ಅಂಥ ಬೆಟ್ಟದ ಅರ್ಧಕ್ಕೆ, ಗೋಣಿಮರದ ಕಟ್ಟೆಯ ಹತ್ತಿರ ಬರುವಷ್ಟರಲ್ಲಿ ಕಾಂತರಾಜುವಿನ ಉಸಿರು ಅವನ ಕೈ ಬಿಟ್ಟಿತು. ಮುಖ ಬೂದಿಯಾಯಿತು. ಕಟ್ಟೆಯ ಮೇಲೆ ಕುಸಿದು ಕೂತ. ಮಂಡಿಯಲ್ಲಿ ಹತ್ತು ಜನ ರೈತರ ಗಲಾಟೆಯನ್ನು ಒಂದೇ ಗುಟುರಿನಲ್ಲಿ ಅಡಗಿಸುವ ಮನುಷ್ಯನ ಬಾಯಿಂದ ಬರೀ ಗಾಳಿ ಬರುತ್ತಿತ್ತು.

ಬಾಮೈದ ಅನಿಲ್‌ಕುಮಾರ್ ಮೂವರು ಹುಡುಗರನ್ನು ಕರೆದುಕೊಂಡು ಭಾವನನ್ನು ಎತ್ತಿ ಇಳಿಸಲು ಓಡಿ ಬಂದ. ನಾಲ್ವರೂ ಒಂದು ಸುತ್ತು ಬಂದು ಎಲ್ಲಿ ಹಿಡಿಯಬೇಕೆಂದು ನೋಡಿದರು. ಆಮೇಲೆ ಗೌರವಪೂರ್ವಕವಾಗಿ ಹಿಂದೆ ಸರಿದು ನಿಂತರು.

ಕಾಮಾಕ್ಷಮ್ಮ ಮಾತ್ರ ಪಕ್ಕದಲ್ಲೇ ಕೂತು ಸೆರಗಿನಿಂದ ಗಾಳಿ ಹಾಕಿದಳು. ಅವಳ ಕೈ ನಡುಗುತ್ತಿತ್ತು. ಮನೆಗೆ ನಾಗರಹಾವು ಬಂದಾಗಲೂ ನಡುಗದ ಕೈ ಅದು. ಅವಳು ಮೇಲೆ ಕಾಣುವ ಗೋಪುರದ ಕಡೆ ತಿರುಗಿ, ಪಕ್ಕದ ಮನೆಯವರ ಹತ್ತಿರ ಮಾತಾಡುವ ಹಾಗೆ ಹೇಳಿದಳು: "ರಂಗಪ್ಪ, ಇವ್ರು ಇವ್ರ ಕಾಲಲ್ಲೇ ನಡ್ಕೊಂಡು ನಿನ್ನ ಬಾಗ್ಲಿಗೆ ಬರಂಗ್ ಮಾಡಪ್ಪ. ಇವ್ರ ತೂಕದಷ್ಟು ಬೆಲ್ಲ ನಿಂಗೆ ಒಪ್ಪಿಸ್ತೀನಿ."

ಈ ಹರಕೆಯಲ್ಲಿ ಎರಡು ಮಾತಿದ್ದವು. ಕಾಂತರಾಜುವಿನ ಮನಸ್ಸಿನಲ್ಲಿ ನಿಂತದ್ದು ಎರಡನೆಯದು ಮಾತ್ರ. ಹೆಂಡತಿಯ ತವರಿನವರೆಲ್ಲ ಸುತ್ತ ನಿಂತು ನೋಡುತ್ತಿರುವಾಗ ತನ್ನನ್ನು ತಕ್ಕಡಿಯಲ್ಲಿ ಕೂರಿಸಿ ತೂಗುತ್ತಾರೆ! ಬೆಲ್ಲ ತಂದು ತಂದು ಸುರಿಯುತ್ತಾರೆ! ಆ ಚಿತ್ರ ಕಣ್ಣ ಮುಂದೆ ಬಂದದ್ದೇ ತಡ, ಹೋಗಿದ್ದ ಉಸಿರು ವಾಪಸ್ಸು ಬಂತು. ದೇವರ ದರ್ಶನವನ್ನು ಮುಂದಿನ ವರ್ಷಕ್ಕೆ ಹಾಕಿ ಮೆಲ್ಲಗೆ ಇಳಿದು ಬಂದವನೇ ಶಪಥ ಮಾಡಿದ.

ಸೋಮವಾರ ಬೆಳಗ್ಗೆ ಮಂಡಿಯ ಬಾಗಿಲು ತೆಗೆದ ಕೂಡಲೇ ಕಾಂತರಾಜು ಆಲೂಗೆಡ್ಡೆ ತೂಗುವ ಕಾಟಾದ ಮೇಲೆ ನಿಂತ. ಅವನಿಗೆ ಮುಂದೆ ಹೊಟ್ಟೆಯಿದ್ದುದರಿಂದ ನಂಬರು ಕಾಣಿಸಲಿಲ್ಲ. ಅವನ ತಂದೆಯ ಕಾಲದಿಂದ ಮೂಟೆ ಹೊರುತ್ತಿದ್ದ ದೊಡ್ಡಯ್ಯ ಬಗ್ಗಿ ನೋಡಿದ. ನೋಡಿ, ತಲೆಗೆ ಸುತ್ತಿದ್ದ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನೂರಾ ನಾಕು, ಗೌಡ್ರೇ" ಎಂದ, ಗರ್ಭಗುಡಿಯಲ್ಲಿ ಮಾತಾಡುವಷ್ಟು ಮೆಲ್ಲಗೆ.

ಅರಕಲಗೂಡಿನಿಂದ ಮಾಲು ತಂದಿದ್ದ ರೈತರು ಬೀಡಿ ಆರಿಸಿ ಹತ್ತಿರ ಬಂದರು. ಅವರ ಪೈಕಿ ಒಬ್ಬ, ಎರಡು ಮೂಟೆ ಗೆಡ್ಡೆ ಒಂದೇ ಪಂಚೆಯಲ್ಲಿ ನಿಂತಿರುವುದನ್ನು ತಾನು ಇದೇ ಮೊದಲು ನೋಡುತ್ತಿರುವುದು ಎಂದ. ಕಾಂತರಾಜುವಿಗೂ ಒಳಗೊಳಗೇ ಬೆರಗಾಯಿತು. ಅಷ್ಟು ತೂಕದ ಮಾಲು ಸಾಗಿಸಬೇಕಾದರೆ ಮಂಡಿಯಲ್ಲಿ ಇಬ್ಬರು ಹಮಾಲಿಗಳು ಬೇಕು. ತಾನೊಬ್ಬನೇ ಅದನ್ನು ಮನೆಯಿಂದ ಮಂಡಿಗೆ, ಮಂಡಿಯಿಂದ ಮನೆಗೆ ದಿನಾ ಹೊತ್ತು ತಿರುಗುತ್ತಿದ್ದೇನಲ್ಲ!

ಅಲ್ಲಿಂದ ಶುರುವಾಯಿತು ನೋಡಿ ಕಾಂತರಾಜುವಿನ ತಪಸ್ಸು. ಹೆಂಡತಿಯ ಬಲವಂತಕ್ಕೆ ಡಾಕ್ಟರಮ್ಮನಿಗೆ ತೋರಿಸಿದ್ದಾಗಿತ್ತು. ಆಕೆ ಎಲ್ಲ ಪರೀಕ್ಷೆ ಮಾಡಿಸಿ, ಹೃದಯ ಚೆನ್ನಾಗಿದೆ, ಸಕ್ಕರೆ ಮಾತ್ರ ಬಾಗಿಲ ಹೊರಗೆ ನಿಂತು ಒಳಗೆ ಬರಲಾ ಎಂದು ಕೇಳುತ್ತಿದೆ ಅಂದಿದ್ದರು. ದಿನಾ ಸ್ವಲ್ಪ ಹೊತ್ತು ನಡೆಯಿರಿ, ಮುದ್ದೆ ಬಿಡಬೇಡಿ, ಎರಡನೆಯದು ಬಿಡಿ, ತಿಂಗಳಿಗೆ ಒಂದು ಕೆಜಿ ಇಳಿದರೂ ಬಹಳವಾಯಿತು, ಒಂದೊಂದು ತಿಂಗಳು ಇಳಿಯದಿದ್ದರೂ ಬೇಜಾರು ಮಾಡಿಕೊಳ್ಳಬೇಡಿ ಎಂದು ಸಮಾಧಾನವಾಗಿ ಹೇಳಿದ್ದರು. ಕಾಂತರಾಜು ತಲೆಯಾಡಿಸಿ ಹೊರಗೆ ಬಂದು, "ಆಯಮ್ಮ ಪಾಪ, ನನ್ನ ಶಕ್ತಿ ಗೊತ್ತಿಲ್ಲ" ಅಂದ.

ಶಕ್ತಿ ಮರುದಿನವೇ ಪ್ರದರ್ಶನಗೊಂಡಿತು. ಅವನು ಮುದ್ದೆಯನ್ನು ಪೂರ್ತಿ ಬಿಟ್ಟ. ಅನ್ನ ಬಿಟ್ಟ. ಜೀರಿಗೆ ನೀರು, ನಿಂಬೆ ನೀರು, ಮೆಂತ್ಯದ ನೀರು, ಯಾರು ಏನು ಹೇಳಿದರೋ ಆ ನೀರನ್ನೆಲ್ಲ ಕುಡಿದ. ಹೊಸ ಬಿಳಿ ಶೂ ಹಾಕಿಕೊಂಡು ಜಿಲ್ಲಾ ಕ್ರೀಡಾಂಗಣಕ್ಕೆ ಹೋಗಿ, ನಡೆಯುವವರನ್ನೆಲ್ಲ ಕನಿಕರದಿಂದ ನೋಡಿ, ಓಡಿದ. ಓಡಿದ್ದು ಒಂದು ಸುತ್ತಿನ ಅರ್ಧ. ಉಳಿದರ್ಧವನ್ನು ಪೊಲೀಸ್ ಕೆಲಸಕ್ಕೆ ಅಭ್ಯಾಸ ಮಾಡುತ್ತಿದ್ದ ಇಬ್ಬರು ಹುಡುಗಿಯರ ಹೆಗಲ ಮೇಲೆ ಕೈ ಹಾಕಿಕೊಂಡು ಮುಗಿಸಿದ. ಮೂರು ದಿನ ಮಂಚದಿಂದ ಏಳಲಿಲ್ಲ. ನಾಲ್ಕನೆಯ ದಿನ ಎದ್ದವನು ಸೀದಾ ಹೋಟೆಲಿಗೆ ಹೋದ. ಅಲ್ಲಿ ಎಷ್ಟು ಮಸಾಲೆ ದೋಸೆ ತಿಂದನೆಂಬುದನ್ನು ಹೋಟೆಲಿನವರು ಇವತ್ತಿಗೂ ಹೊಸ ಮಾಣಿಗಳಿಗೆ ಹೇಳುತ್ತಾರೆ. ವಾರದ ಕೊನೆಗೆ ಕಾಟಾ ಹತ್ತಿದರೆ ತೂಕ ಒಂದು ಕೆಜಿ ಏರಿತ್ತು.

ಕಾಂತರಾಜು ಶೂ ಬಿಚ್ಚಿ ಅಟ್ಟದ ಮೇಲೆ ಎಸೆದ. ತನ್ನದು ವಂಶದ ಮೈ, ತಾತನೂ ಹೀಗೇ ಇದ್ದ, ಇದೆಲ್ಲ ಆಗುವ ಕೆಲಸವಲ್ಲ ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಕಾಮಾಕ್ಷಮ್ಮ ಬೈಯಲಿಲ್ಲ. ನಾನು ಹೇಳಲಿಲ್ಲವಾ ಎಂಬ ಮಾತು ಗಂಡಂದಿರು ಎಲ್ಲ ದಿನವೂ ಕಾಯುವ ಮಾತು. ಅದನ್ನೂ ಆಡಲಿಲ್ಲ. ಬೆಳಗ್ಗೆ ಎದ್ದು, ಅಟ್ಟದ ಮೇಲಿನ ಶೂ ಇಳಿಸಿ, ಒರೆಸಿ, ಬಾಗಿಲ ಹತ್ತಿರ ಇಟ್ಟಳು.

"ರೀ, ನಂಗೂ ಮಂಡಿ ನೋವು. ಒಬ್ಳೇ ನಡ್ಯಕ್ಕೆ ಬೇಜಾರು. ಪಾರ್ಕ್ ಗಂಟ ಜೊತೇಲಿ ಬನ್ನಿ, ಸಾಕು. ಓಡದು ಬ್ಯಾಡ."

ಹೆಂಡತಿಗೆ ಉಪಕಾರ ಮಾಡುವುದಾದರೆ ಅದು ಬೇರೆ ಮಾತು. ಕಾಂತರಾಜು ಎದ್ದು ಹೊರಟ. ಮೊದಲ ದಿನ ಪಾರ್ಕಿನ ಗೇಟಿನವರೆಗೆ ಹೋಗಿ ಬಂದರು. ಆಮೇಲೆ ಒಳಗೆ ಒಂದು ಸುತ್ತು. ಕಾಮಾಕ್ಷಮ್ಮನಿಗೆ ಪಾಪ, ಮಂಡಿ ನೋವಿನ ಜೊತೆಗೆ ಚಪ್ಪಲಿಯದೂ ಒಂದು ತಾಪತ್ರಯ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದರ ಬಾರು ಸಡಿಲವಾಗುತ್ತಿತ್ತು. ನಿಂತು, ಬಗ್ಗಿ, ಸರಿ ಮಾಡಿಕೊಳ್ಳುತ್ತಿದ್ದಳು. ಕಾಂತರಾಜು ಅಷ್ಟು ಹೊತ್ತು ಪಕ್ಕದಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ಉಸಿರೆಳೆದುಕೊಳ್ಳುತ್ತಾ, ಹೆಂಗಸರ ಚಪ್ಪಲಿಗಳ ಗುಣಮಟ್ಟದ ಬಗ್ಗೆ ಉಪನ್ಯಾಸ ಕೊಡುತ್ತಿದ್ದ. ಹೊಸದು ಕೊಡಿಸಿದ. ಅದರ ಬಾರೂ ಸಡಿಲವೇ ಆಯಿತು. ಚಪ್ಪಲಿ ಕಂಪನಿಗಳು ದೇಶವನ್ನು ಹಾಳು ಮಾಡುತ್ತಿವೆ ಎಂದು ಅವನು ತೀರ್ಮಾನಿಸಿದ.

ಮನೆಯಲ್ಲಿ ಮುದ್ದೆ ವಾಪಸ್ಸು ಬಂತು, ಒಂದು. ಅದು ಮೊದಲಿಗಿಂತ ಸ್ವಲ್ಪ ಚಿಕ್ಕದಾಗಿತ್ತು. ಆದರೆ ಸೊಪ್ಪಿನ ಸಾರು, ಹುರುಳಿಕಾಳು, ಪಲ್ಯ ತಟ್ಟೆಯ ತುಂಬ ಬಂದದ್ದರಿಂದ ಯಾರೂ ಜಗಳಕ್ಕೆ ಹೋಗಲಿಲ್ಲ. ಬೀಗರ ಊಟದ ದಿನ ತಿಂದ. ಮರುದಿನ ಯಾರೂ ಆ ಮಾತೆತ್ತಲಿಲ್ಲ. ಮಾಮೂಲಿನಂತೆ ಶೂ ಬಾಗಿಲ ಹತ್ತಿರ ಇತ್ತು.

ಹೀಗೆ ಎರಡು ತಿಂಗಳಾದ ಮೇಲೆ ಕಾಟಾ ಹತ್ತಿದಾಗ ದೊಡ್ಡಯ್ಯ ನೂರಾ ಎರಡು ಅಂದ. ಯಾವ ಡಾಕ್ಟರನ್ನು ಕೇಳಿದರೂ ಇದು ಒಳ್ಳೆಯ ಸುದ್ದಿ. ಆದರೆ ಎಂಬತ್ತು ಎಂದು ಜಗತ್ತಿಗೇ ಸಾರಿದವನಿಗೆ ಅದು ಯಾವ ಮೂಲೆಗೂ ಸಾಲದು. ಈ ಲೆಕ್ಕದಲ್ಲಿ ಶ್ರಾವಣಕ್ಕೆ ಎಲ್ಲಿ ಮುಟ್ಟುವುದು? ಅನಿಲ್ ಆಗಲೇ ಫೋನ್ ಮಾಡಿ, "ಏನ್ ಭಾವ, ಎಲ್ಲಿಗ್ ಬಂತು?" ಎಂದು ಕೇಳಲು ಶುರು ಮಾಡಿದ್ದ.

ಆ ಸಂಕಟದ ಗಳಿಗೆಯಲ್ಲಿ ಕಾಂತರಾಜುವಿಗೆ ಮಂಡಿಯ ಪದ್ಧತಿ ನೆನಪಾಯಿತು. ಮಂಡಿಗೆ ಬಂದ ಆಲೂಗೆಡ್ಡೆಯನ್ನು ಕಾಟಾ ತೋರಿಸಿದಷ್ಟಕ್ಕೇ ಯಾರಾದರೂ ಲೆಕ್ಕ ಹಿಡಿಯುತ್ತಾರೆಯೇ? ಚೀಲಕ್ಕೆ ಇಷ್ಟು ಕಳೆ, ಅಂಟಿದ ಮಣ್ಣಿಗೆ ಇಷ್ಟು, ತೇವಕ್ಕೆ ಇಷ್ಟು, ಕೊಳೆತದ್ದಕ್ಕೆ ಇಷ್ಟು. ಇದಕ್ಕೆ ವಜಾ ಅನ್ನುತ್ತಾರೆ. ವಜಾ ಹಾಕಿ ಉಳಿದದ್ದೇ ನಿಜವಾದ ತೂಕ. ಇಡೀ ಜಿಲ್ಲೆಯ ಗೆಡ್ಡೆಗೆ ಇರುವ ನ್ಯಾಯ ಮಂಡಿಯ ಯಜಮಾನನಿಗೆ ಇಲ್ಲವೇ?

"ದೊಡ್ಡಯ್ಯ, ಪಂಚೆ, ಅಂಗಿ, ಬನೀನು ಎಲ್ಲ ಸೇರಿ ಒಂದೂವರೆ ಕಳಿ."

ದೊಡ್ಡಯ್ಯ ಕಳೆದ. ಮೂವತ್ತು ವರ್ಷದಿಂದ ಕಳೆಯುತ್ತಿದ್ದವನಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಮೊದಲು ಚೀಲದ್ದು, ಅಂದರೆ ಬಟ್ಟೆಯ ವಜಾ ಮಾತ್ರ ಇತ್ತು. ಆಮೇಲೆ ಮೊಬೈಲು, ಬೀಗದ ಕೈ ಗೊಂಚಲು ಸೇರಿದವು. ಚಳಿಗಾಲಕ್ಕೆ ಸ್ವೆಟರು ಬಂತು. ಬೆಳಗ್ಗೆ ಕುಡಿದ ಕಾಫಿ, ತಿಂದ ಇಡ್ಲಿ ಇನ್ನೂ ಮೈಗೆ ಹತ್ತಿಲ್ಲವಾದ್ದರಿಂದ ಅವು ತನ್ನ ಬಾಬ್ತಲ್ಲ ಎಂದು ಒಂದು ಕೆಜಿ ಹೋಯಿತು. ಮಳೆಗಾಲದಲ್ಲಿ ಗಾಳಿಯಲ್ಲಿ ನೀರಿನಂಶ ಜಾಸ್ತಿ, ಮನುಷ್ಯನೂ ಸ್ವಲ್ಪ ಹೀರಿಕೊಳ್ಳುತ್ತಾನೆ ಎಂದು ತೇವದ ವಜಾ ಎರಡು ಕೆಜಿ. ಕೊನೆಗೆ ಒಂದು ದಿನ ಅವನು ಮೂಳೆಗೂ ಕೈ ಹಾಕಿದ. ಮೂಳೆ ಅವನು ತಿಂದು ಬೆಳೆಸಿದ್ದಲ್ಲ, ಅಪ್ಪನ ಕಡೆಯಿಂದ ಬಂದದ್ದು, ಪಿತ್ರಾರ್ಜಿತ! ಅದಕ್ಕೆ ಇಡಿಯಾಗಿ ಹತ್ತು ಕೆಜಿ.

ಹೀಗೆ ಕಾಟಾ ಒಂದು ಕಡೆ ನಿಧಾನವಾಗಿ ಇಳಿಯಿತು. ವಜಾ ಇನ್ನೊಂದು ಕಡೆ ಜೋರಾಗಿ ಏರಿತು. ಕಾಂತರಾಜು ಬಾಮೈದನಿಗೆ ಹೇಳುತ್ತಿದ್ದುದು ಕಡೆಯಲ್ಲಿ ಉಳಿದ ಅಂಕಿಯನ್ನು. ತೊಂಬತ್ತೈದು! ಎಂಬತ್ತೊಂಬತ್ತು! ಎಂಬತ್ತನಾಲ್ಕು! ಬಾಮೈದ ಅದನ್ನು ಮನೆತನದ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದ. ಚನ್ನರಾಯಪಟ್ಟಣದ ಷಡ್ಡಕ ಬೆರಗಾಗಿ, ತಾನೂ ಮಾಡುತ್ತೇನೆ, ಹೇಗೆಂದು ಹೇಳಿಕೊಡಿ ಎಂದು ಫೋನ್ ಮಾಡಿದ. ಹೊಳೆನರಸೀಪುರದ ದಾಯಾದಿಗಳು ಕೈ ಮುಗಿಯುವ ಚಿತ್ರ ಕಳಿಸಿದರು. ಎಲ್ಲರೂ ಅಷ್ಟು ನಂಬಿದ ಮೇಲೆ ಕಾಂತರಾಜು ತಾನೊಬ್ಬನೇ ನಂಬದೆ ಇರುವುದು ಹೇಗೆ? ಅವನೂ ನಂಬಿದ.

ಈ ಎಲ್ಲದರ ನಡುವೆ ಬೇರೆ ಕೆಲವು ಸಂಗತಿಗಳೂ ನಡೆದವು. ಅವನು ಅವನ್ನು ಗಮನಿಸಲಿಲ್ಲ. ನೆಲದ ಮೇಲೆ ಊಟಕ್ಕೆ ಕೂತವನು ಗೋಡೆ ಹಿಡಿಯದೆ ಏಳುತ್ತಿದ್ದ. ಗೊರಕೆಗೆ ಎಚ್ಚರವಾಗುತ್ತಿದ್ದ ಕಾಮಾಕ್ಷಮ್ಮ ಈಗ ಬೆಳಗಿನವರೆಗೆ ನಿದ್ದೆ ಮಾಡುತ್ತಿದ್ದಳು. ಡಾಕ್ಟರಮ್ಮ ಹೊಸ ರಿಪೋರ್ಟು ನೋಡಿ, ಸಕ್ಕರೆ ಬಾಗಿಲಿನಿಂದ ಎದ್ದು ಹೋಗಿದೆ ಎಂದು ನಕ್ಕರು. ಅವಕ್ಕೆಲ್ಲ ಕೆಜಿ ಇಲ್ಲವಾದ್ದರಿಂದ ಕಾಂತರಾಜು ಲೆಕ್ಕಕ್ಕೆ ಹಿಡಿಯಲಿಲ್ಲ.

ಶ್ರಾವಣ ಬಂತು. ಹರಕೆಯ ಶನಿವಾರವೂ ಬಂತು.

ಹೊರಡುವ ಹಿಂದಿನ ದಿನ ಕಾಂತರಾಜು ವಜಾ ಕಳೆದು ಕರಾರುವಾಕ್ಕಾಗಿ ಎಂಬತ್ತಕ್ಕೆ ಬಂದಿದ್ದ. ಬೆಲ್ಲದ ಜವಾಬ್ದಾರಿ ಕಾಮಾಕ್ಷಮ್ಮನದು. ಹೊಳೆನರಸೀಪುರದ ಕಡೆಯ ಆಲೆಮನೆಯಿಂದ ಒಂದೊಂದು ಕೆಜಿಯ ಅಚ್ಚುಬೆಲ್ಲ ತರಿಸಿ, ತವರಿನ ಹುಡುಗರ ಕೈಯಲ್ಲಿ ಬೆಳಗ್ಗೆಯೇ ಬೆಟ್ಟದ ಮೇಲೆ ಇಡಿಸಿದ್ದಳು. ಎಷ್ಟು ತರಿಸಿದೆ ಎಂದು ಅವನು ಕೇಳಲಿಲ್ಲ. ಎಂಬತ್ತು ಎಂದು ಊರಿಗೆಲ್ಲ ಗೊತ್ತಿರುವಾಗ ಕೇಳುವುದೇನು?

ಎಲ್ಲರೂ ಚಪ್ಪಲಿ, ಶೂ ಕೆಳಗಿನ ಮಂಟಪದಲ್ಲಿ ಬಿಟ್ಟು ಹತ್ತಿದರು. ಕಾಂತರಾಜುವಿಗೆ ದಾರಿಯುದ್ದಕ್ಕೂ ವೀಡಿಯೋದ್ದೇ ಚಿಂತೆ. ತಕ್ಕಡಿ ಮೇಲಕ್ಕೆ ಏಳುವಾಗ ಯಾವ ಕಡೆಯಿಂದ ಹಿಡಿಯಬೇಕು, ಹಿಂದೆ ಗೋಪುರ ಬರಬೇಕೋ ಬೇಡವೋ, ತಾನು ಕೈ ಮುಗಿದುಕೊಂಡಿರಬೇಕೋ ಅಥವಾ ಒಂದು ಕೈಯಲ್ಲಿ ಸರಪಳಿ ಹಿಡಿದು ನಗಬೇಕೋ, ಎಂದು ಅನಿಲ್‌ನ ಜೊತೆ ವಾದ ಮಾಡುತ್ತಾ ಹತ್ತಿದ. ಕೊನೆಯ ತಿರುವಿನಲ್ಲಿ ಅನಿಲ್ ಏದುಸಿರು ಬಿಡುತ್ತಾ, "ಭಾವ, ಒಸಿ ನಿಲ್ಲಿ, ಮಾತಾಡಕ್ಕೆ ಉಸ್ರು ಸಾಲ್ದು" ಅಂದ. ಈಗಿನ ಹುಡುಗರಿಗೆ ಏನೂ ಕಸುವಿಲ್ಲವೆಂದು ಕಾಂತರಾಜು ಮುಂದೆ ನಡೆದ.

ದೇವಸ್ಥಾನದ ಮುಂದಿನ ತೊಲೆಗೆ ತಕ್ಕಡಿ ತೂಗುಹಾಕಿತ್ತು. ಕಬ್ಬಿಣದ ಸರಪಳಿ, ಹಲಗೆಯ ತಟ್ಟೆಗಳು. ಅರ್ಚಕರು ಸಂಕಲ್ಪ ಮಾಡಿಸಿದರು. ಕಾಂತರಾಜು ಒಂದು ತಟ್ಟೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತ. ತಟ್ಟೆ ಠಕ್ಕೆಂದು ನೆಲಕ್ಕೆ ಕೂತು, ಇನ್ನೊಂದು ಆಕಾಶಕ್ಕೆ ಹೋಯಿತು. ಅದನ್ನು ಬಗ್ಗಿಸಿ ಹಿಡಿದು ಹುಡುಗರು ಬೆಲ್ಲ ಪೇರಿಸತೊಡಗಿದರು. ಮನೆತನದವರೆಲ್ಲ ಎಣಿಸುತ್ತಿದ್ದರು. ಎಪ್ಪತ್ತಕ್ಕೆ ಷಡ್ಡಕ ಮುಂದೆ ಬಂದ. ಎಪ್ಪತ್ತೈದಕ್ಕೆ ಅನಿಲ್ ಫೋನು ಎತ್ತಿ ಹಿಡಿದ. ಕಾಂತರಾಜು ನಗುಮುಖ ಮಾಡಿಕೊಂಡ. ಎಂಬತ್ತನೇ ಕೆಜಿ ಇಟ್ಟು ಹುಡುಗರು ಕೈ ಬಿಟ್ಟರು.

ಬೆಲ್ಲದ ತಟ್ಟೆ ನಿಧಾನಕ್ಕೆ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ಕಾಂತರಾಜು ನೆಲದಲ್ಲೇ ಇದ್ದ.

ಸರಪಳಿ ಸಿಕ್ಕಿಹಾಕಿಕೊಂಡಿರಬೇಕು ಅಂದರು ಯಾರೋ. ಸರಪಳಿ ಬಿಡಿಸಿದರು. ತೊಲೆ ವಾರೆಯಾಗಿದೆ ಅಂದರು ಇನ್ಯಾರೋ. ತೊಲೆ ನೆಟ್ಟಗೇ ಇತ್ತು. ಷಡ್ಡಕ ತನ್ನ ಕೈಯಲ್ಲಿದ್ದ ಬಾಳೆಗೊನೆಯನ್ನೇ ಬೆಲ್ಲದ ಮೇಲಿಟ್ಟ. ಇನ್ನೊಬ್ಬರು ತೆಂಗಿನಕಾಯಿ ಬ್ಯಾಗು ಇಟ್ಟರು. ಹರಕೆ ಬೆಲ್ಲದ್ದು, ಬೇರೆ ಯಾವುದೂ ನಡೆಯುವುದಿಲ್ಲ ಎಂದು ಅರ್ಚಕರು ಎಲ್ಲವನ್ನೂ ಇಳಿಸಿದರು.

ಕಾಂತರಾಜು ವಾಚು ಬಿಚ್ಚಿ ಕೊಟ್ಟ. ಮೊಬೈಲು ಕೊಟ್ಟ. ಅಂಗಿ ಬಿಚ್ಚಿದ, ಬನೀನೂ ಬಿಚ್ಚಿದ. ಪಂಚೆಯ ಗಂಟಿಗೆ ಕೈ ಹೋದಾಗ ಹೆಂಗಸರು ಆ ಕಡೆ ತಿರುಗಿದರು. ಅರ್ಚಕರು ಕೈ ಹಿಡಿದುಕೊಂಡರು.

"ಸ್ವಾಮಿ, ಬಟ್ಟೆಗೆ, ತೇವಕ್ಕೆ ಅಂತ ಸ್ವಲ್ಪ ವಜಾ ಹಾಕ್ಕೊಳ್ಳಿ. ಮೂಳೇದೂ ಒಂದಿಷ್ಟೈತೆ" ಅಂದ ಕಾಂತರಾಜು, ಅವರ ಕಿವಿಗೇ ಬಾಯಿಟ್ಟು, ಅವರಿಗಷ್ಟೇ ಕೇಳುವ ಹಾಗೆ.

ಅರ್ಚಕರಿಗೆ ವಯಸ್ಸಾಗಿತ್ತು, ಕಿವಿ ಮಂದ. ಮಂದ ಕಿವಿಯವರು ಮಾತಾಡುವಷ್ಟು ಜೋರಾಗಿಯೇ ಮಾತಾಡಿದರು. "ದೇವ್ರ ತಕ್ಕಡೀಲಿ ವಜಾ ಇಲ್ಲ, ಗೌಡ್ರೇ. ಅದು ಮಂಡೀಲಿ."

ಬರೀ ಮೈಯಲ್ಲಿ, ನೆಲದ ಮೇಲೆ, ಚಕ್ಕಂಬಕ್ಕಳ ಹಾಕಿ ಕೂತ ಕಾಂತರಾಜುವಿಗೆ ಒಂದು ವರ್ಷದ ವಜಾವೆಲ್ಲ ಒಂದೊಂದಾಗಿ ಹಿಂದಕ್ಕೆ ಬಂದು ಮೈಮೇಲೆ ಕೂರುತ್ತಿರುವ ಹಾಗೆ ಅನ್ನಿಸಿತು. ಚೀಲ ಬಂತು, ಸ್ವೆಟರು ಬಂತು, ತೇವ ಬಂತು, ಅಪ್ಪನ ಮೂಳೆಯೂ ಬಂತು. ಎಲ್ಲರೂ ನೋಡುತ್ತಿದ್ದರು. ಅವನಿಗೆ ಅಳು ಬರುವುದೊಂದು ಬಾಕಿ ಇತ್ತು.

ಆಗ ಕಾಮಾಕ್ಷಮ್ಮ ಕಂಬದ ಹಿಂದಿನಿಂದ ಇನ್ನೊಂದು ಚೀಲವನ್ನು ಎಳೆದುಕೊಂಡು ಬಂದಳು. ಬಾಯಿ ಬಿಚ್ಚಿದಳು. ಅದರ ತುಂಬ ಬೆಲ್ಲ. ಏನೂ ಆಗಿಲ್ಲವೆಂಬ ಹಾಗೆ, ಸಂತೆಯಲ್ಲಿ ತರಕಾರಿ ಹಾಕಿಸಿಕೊಳ್ಳುವವಳ ಹಾಗೆ, ತಾನೇ ಒಂದೊಂದು ಅಚ್ಚನ್ನು ಎತ್ತಿ ತಟ್ಟೆಗೆ ಇಡುತ್ತಾ ಹೋದಳು. ತೊಂಬತ್ತು ಆಯಿತು. ಕಾಂತರಾಜು ಕಣ್ಣು ಮುಚ್ಚಿದ. ತೊಂಬತ್ತೈದು ಆಯಿತು. ತಟ್ಟೆ ಒಂದು ಸಲ ಅದುರಿತು. ಅವಳು ಇನ್ನೊಂದು ಅಚ್ಚು ಇಟ್ಟಳು.

ನೆಲ ಅವನನ್ನು ಬಿಟ್ಟಿತು.

ಅಂಥ ಅನುಭವ ಕಾಂತರಾಜುವಿಗೆ ಚಿಕ್ಕಂದಿನಲ್ಲಿ ಅಪ್ಪ ಎತ್ತಿ ಗಾಡಿಯ ಮೇಲೆ ಕೂರಿಸಿದಾಗ ಆಗಿತ್ತು, ಅದಾದ ಮೇಲೆ ಆಗಿರಲಿಲ್ಲ. ಯಾರೂ ಮುಟ್ಟದೆ, ಯಾರೂ ದಬ್ಬದೆ, ಮೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ನಿಂತಿತು. ಎದುರಿಗೆ ಬೆಲ್ಲದ ರಾಶಿ ಅವನ ಕಣ್ಣಿನ ಮಟ್ಟಕ್ಕೆ ಬಂದು, ಅವನಷ್ಟೇ ಭಾರವಾಗಿ, ಅವನ ಹಾಗೇ ಮೆಲ್ಲಗೆ ತೂಗಾಡುತ್ತಿತ್ತು. ಇಷ್ಟೊಂದು ನಾನು ಎಂದು ಅವನಿಗೆ ಬೆರಗಾಯಿತು. ಜನ ಗೋವಿಂದ ಅಂದರು. ಅವನೂ ಅಂದ. ನಾಚಿಕೆ ಎಲ್ಲಿ ಹೋಯಿತೋ ಆ ಹೊತ್ತಿಗೆ ಗೊತ್ತಾಗಲಿಲ್ಲ.

ತಟ್ಟೆಯಿಂದ ಇಳಿದ ಮೇಲೆ ನಾಚಿಕೆ ವಾಪಸ್ಸು ಬಂತು. ತೊಂಬತ್ತಾರು! ಶಪಥಕ್ಕಿಂತ ಹದಿನಾರು ಜಾಸ್ತಿ. ಅನಿಲ್ ವೀಡಿಯೋವನ್ನು ಆಗಲೇ ಗುಂಪಿಗೆ ಹಾಕಿದ್ದ. ಒಂದು ವರ್ಷ ಪಾರ್ಕು ಸುತ್ತಿ, ಎರಡನೇ ಮುದ್ದೆ ಬಿಟ್ಟು, ಇಳಿದದ್ದು ಬರೀ ಎಂಟು ಕೆಜಿ. ಮಂಡಿಯಲ್ಲಿ ಎಂಟು ಕೆಜಿ ಗೆಡ್ಡೆ ಕೆಳಗೆ ಬಿದ್ದರೆ ಯಾರೂ ಬಗ್ಗಿ ಎತ್ತುವುದಿಲ್ಲ.

ಚೀಲದ ತಳದಲ್ಲಿ ಇನ್ನೂ ಬೆಲ್ಲ ಉಳಿದಿತ್ತು. ಕಾಮಾಕ್ಷಮ್ಮ ಅದನ್ನು ಒಂದು ಟವೆಲಿನಲ್ಲಿ ಗಂಟು ಕಟ್ಟಿ ಗಂಡನ ಹೆಗಲಿಗೆ ಇಟ್ಟಳು. "ದೇವ್ರ ಪಾಲು ದೇವ್ರಿಗಾಯ್ತು. ಇದು ಮಿಕ್ಕಿದ್ದು. ಕೆಳಕ್ಕೆ ನೀವೇ ತನ್ನಿ."

ಕಾಂತರಾಜು ಗಂಟು ಹೊತ್ತು ಇಳಿಯತೊಡಗಿದ. ಮೊದಲು ಏನೂ ಅನ್ನಿಸಲಿಲ್ಲ. ಸ್ವಲ್ಪ ಇಳಿದ ಮೇಲೆ ಹೆಗಲು ಬದಲಾಯಿಸಿದ. ಆಮೇಲೆ ಎದೆಗೆ ಅವಚಿಕೊಂಡ. ಮಂಡಿಗಳು ಕಿರುಗುಟ್ಟಿದವು. ಬೆನ್ನು ಬಗ್ಗಿತು. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಯಿತು. ಗೋಣಿಮರದ ಕಟ್ಟೆಗೆ ಬರುವಷ್ಟರಲ್ಲಿ ಉಸಿರು ಕಟ್ಟಿ, ಗಂಟನ್ನು ದೊಪ್ಪೆಂದು ಇಟ್ಟು, ಕುಸಿದು ಕೂತ. ಕಾಮಾಕ್ಷಮ್ಮ ಪಕ್ಕದಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿದಳು. ಈ ಸಲ ಅವಳ ಕೈ ನಡುಗುತ್ತಿರಲಿಲ್ಲ.

"ಎಷ್ಟೈತೆ ಇದು?" ಎಂದು ಕೇಳಿದ.

"ಎಂಟು ಕೆಜಿ. ನಾನು ತರ್ಸಿದ್ದು ನೂರಾ ನಾಕು. ಹರ್ಕೆ ಹೊತ್ತಾಗ ಇದ್ದಷ್ಟು."

ಕಾಂತರಾಜು ಗಂಟನ್ನು ನೋಡಿದ. ಇದು ತನ್ನ ಮೈಯಿಂದ ಇಳಿದು ಹೋದದ್ದು. ಹೋದ ವರ್ಷ ಇದೇ ಕಟ್ಟೆಗೆ ಬಂದು ಬಿದ್ದಾಗ ಈ ಗಂಟು ತನ್ನ ಜೊತೆಗಿತ್ತು. ಮಲಗುವಾಗ ಇತ್ತು, ಏಳುವಾಗ ಇತ್ತು, ಪಂಚೆ ಉಡುವಾಗ ಇತ್ತು. ಬರೀ ಎಂಟು ಕೆಜಿ! ಅವನು ಕೈಯಿಂದ ಅದನ್ನು ಮುಟ್ಟಿ ನೋಡಿದ. ಈ ಬೆಳಗ್ಗೆ ಹತ್ತುವಾಗ ಈ ಕಟ್ಟೆಯಲ್ಲಿ ಎಷ್ಟು ಹೊತ್ತು ಕೂತಿದ್ದೆ ಎಂದು ನೆನಪು ಮಾಡಿಕೊಳ್ಳಲು ಹೋದರೆ ನೆನಪೇ ಬರಲಿಲ್ಲ. ಆಮೇಲೆ ಹೊಳೆಯಿತು. ಕೂತೇ ಇರಲಿಲ್ಲ. ವೀಡಿಯೋದ ಮಾತಿನಲ್ಲಿ ಕಟ್ಟೆ ಬಂದದ್ದೂ ಗೊತ್ತಾಗಿರಲಿಲ್ಲ, ಹೋದದ್ದೂ ಗೊತ್ತಾಗಿರಲಿಲ್ಲ.

"ಎಂಬತ್ತಾಗಿಲ್ಲ ಅಂತ ನಿಂಗೆ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ?"

"ಎಂಬತ್ತು ಕೇಳ್ದೋರು ನೀವು. ನಾನು ರಂಗಪ್ಪನ್ನ ಕೇಳಿದ್ದು ನಿಮ್ಮ ಕಾಲು. ಕೊಟ್ಟ."

ಕಾಂತರಾಜುವಿಗೆ ಏನಾದರೂ ದೊಡ್ಡ ಮಾತು ಆಡಬೇಕು ಅನ್ನಿಸಿತು. ಬಾಯಿ ತೆಗೆಯುವಷ್ಟರಲ್ಲಿ ಮೇಲಿನಿಂದ ನಂಜಮ್ಮನವರು ಕಾಯಿ ಬುಟ್ಟಿ ಹಿಡಿದು ಬರಿಗಾಲಲ್ಲಿ ಸರಸರನೆ ಇಳಿದು ಬಂದರು. ಅದೇ ಕಟ್ಟೆಯ ಮೇಲೆ, ಅದೇ ಜಾಗದಲ್ಲಿ, ಅದೇ ಥರ ಏದುಸಿರು ಬಿಡುತ್ತಾ ಕೂತ ಅಳಿಯನನ್ನು ನೋಡಿ ನಿಂತರು.

"ಓದ್ ವರ್ಸಾನೂ ಇಲ್ಲೇ ಕುಂತಿದ್ರು ಅಳಿಯಂದ್ರು" ಅಂದರು ಮಗಳಿಗೆ. "ಇಷ್ಟೆಲ್ಲ ಮಾಡಿ ಏನ್ ಬಂತವ್ವ, ಅಂಗೇ ಅವ್ರಲ್ಲ!"

ಅಷ್ಟು ಹೇಳಿ, ಎಂಟು ಕೆಜಿಯ ಗಂಟನ್ನು ಒಂದೇ ಕೈಯಲ್ಲಿ ಎತ್ತಿ, ತಲೆಯ ಮೇಲಿಟ್ಟುಕೊಂಡು, ಕಾಯಿ ಬುಟ್ಟಿ ಬೀಸುತ್ತಾ ಇಳಿದು ಹೋದರು. ಕಾಂತರಾಜು ಅವರು ತಿರುವಿನಲ್ಲಿ ಮರೆಯಾಗುವವರೆಗೂ ಬಾಯಿ ಬಿಟ್ಟುಕೊಂಡು ನೋಡಿದ. ಆಮೇಲೆ ಎದ್ದ. ಹೆಗಲು ಹಗುರಾಗಿತ್ತು, ಆದರೆ ಉಸಿರು ಇನ್ನೂ ಹದಕ್ಕೆ ಬಂದಿರಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನ ಹೆಜ್ಜೆ ನಿಧಾನವಾಯಿತು.

ಮುಂದೆ ಹೋಗುತ್ತಿದ್ದ ಕಾಮಾಕ್ಷಮ್ಮ ಹಿಂತಿರುಗಿ ನೋಡಲಿಲ್ಲ. ಸುಮ್ಮನೆ ನಿಂತು, ಬಗ್ಗಿ, ಕಾಲಿಗೆ ಕೈ ಹಾಕಿದಳು.

"ಒಂದ್ನಿಮಿಷ ತಡೀರಿ. ಚಪ್ಲಿ ಬಾರು ಸಡ್ಲ ಆಗೈತೆ."

ಕಾಂತರಾಜು ಅವಳ ಪಾದ ನೋಡಿದ. ಬರಿಗಾಲು. ಚಪ್ಪಲಿ ಕೆಳಗಿನ ಮಂಟಪದಲ್ಲಿ ಅವನ ಶೂ ಪಕ್ಕದಲ್ಲೇ ಇತ್ತು.

ಅವನು ಸೊಂಟದ ಮೇಲೆ ಕೈಯಿಟ್ಟು ನಿಂತ. ಈ ಸಲ ಚಪ್ಪಲಿ ಕಂಪನಿಯವರನ್ನು ಏನೂ ಅನ್ನಲಿಲ್ಲ.

"ನಿಧಾನಕ್ಕೆ ಸರಿ ಮಾಡ್ಕೋ" ಅಂದ.